ಹೊಂಡದ ದಂಡೆಯ ಮೇಲೆ ತಾಳಮದ್ದಳೆ

ಕರಾವಳಿಯ ಒಂದು ಊರಿನಲ್ಲಿ ಇಬ್ಬರು ದೊಡ್ಡ ಮಾತುಗಾರರಿದ್ದರು. ಒಬ್ಬರು ಸಂಕಪ್ಪ ಶೆಟ್ಟರು, ಇನ್ನೊಬ್ಬರು ವಾಸುದೇವ ಕೆದ್ಲಾಯರು. ಇಬ್ಬರೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಪಾತ್ರಧಾರಿಗಳು ಕೂತಲ್ಲೇ ಕೂತು ಮಾತಾಡುತ್ತಾರೆ. ಯುದ್ಧವಾದರೂ ಮಾತಿನಲ್ಲೇ, ಮದುವೆಯಾದರೂ ಮಾತಿನಲ್ಲೇ. ಎದುರಿನವರ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟರೆ ಸೋತ ಹಾಗೆ. ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತುವ ತನಕ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಒಳ್ಳೆಯ ಕ್ರಮವೇ, ಗುಡಿಯ ಚಾವಡಿಯಲ್ಲಿ ಇರುವಷ್ಟು ಹೊತ್ತು.

ಮಳೆಗಾಲದ ಒಂದು ಮಧ್ಯಾಹ್ನ ಚಾವಡಿಯಲ್ಲಿ ಇವರಿಬ್ಬರ ತಾಳಮದ್ದಳೆ ನಡೆಯುತ್ತಿತ್ತು. ಊರಿನ ಗಂಡಸರೆಲ್ಲ ಅಲ್ಲೇ ಇದ್ದರು. ಆಗ ಗುಲಾಬಿ ಎಂಬ ಹೆಂಗಸು ಓಡುತ್ತಾ ಬಂದಳು. ಗಂಡನಿಲ್ಲದವಳು. ಎಮ್ಮೆಯ ಹಾಲು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಇದ್ದದ್ದು ಅದೊಂದೇ ಎಮ್ಮೆ, ಈಗ ಗಬ್ಬವಾಗಿತ್ತು. ಕರು ಹಾಕಿದ ಮೇಲೆ ಮತ್ತೆ ಹಾಲು, ಮತ್ತೆ ಹೊಟ್ಟೆ ತುಂಬ ಊಟ ಎಂದು ಮನೆಯವರೆಲ್ಲ ಕಾಯುತ್ತಿದ್ದರು.

"ಎಮ್ಮೆ ಗದ್ದೆ ಬದಿಯ ಹೊಂಡಕ್ಕೆ ಬಿದ್ದಿದೆ. ಕಾಲು ಕೆಸರಲ್ಲಿ ಹೂತಿದೆ. ಮಳೆಗೆ ತೋಡು ಉಕ್ಕಿ ನೀರು ಒಳಗೆ ಬರ್ತಾ ಉಂಟು. ಒಮ್ಮೆ ಬನ್ನಿ," ಎಂದಳು.

ಸುಳ್ಳು ಹೇಳಬಾರದು, ಎಲ್ಲರೂ ಕೂಡಲೇ ಎದ್ದರು. ಮಳೆಯಲ್ಲೇ ಓಡಿದರು. ಒಬ್ಬರು ಹಗ್ಗ ತಂದರು, ಒಬ್ಬರು ಹಾರೆ ತಂದರು. ಭಾಗವತರೂ ಬಂದರು. ಅವರ ತಾಳ ಮಾತ್ರ ಚಾವಡಿಯಲ್ಲೇ ಉಳಿಯಿತು.

ಎಮ್ಮೆಯ ಬೆನ್ನು ಇನ್ನೂ ಕಾಣುತ್ತಿತ್ತು. ಶೆಟ್ಟರು ಹೇಳಿದರು: "ಹಗ್ಗ ಹಾಕಿ ಎಳೆಯುವ. ಇಷ್ಟು ಜನ ಇದ್ದೇವೆ, ಎಂತ ಕಷ್ಟ?"

ಕೆದ್ಲಾಯರು ಕೈ ಅಡ್ಡ ಹಿಡಿದರು. "ಶೆಟ್ರೆ, ಅದು ಗಬ್ಬದ ಎಮ್ಮೆ. ಹೊಟ್ಟೆಗೆ ಹಗ್ಗ ಬಿಗಿದರೆ ಕರುವಿನ ಗತಿ ಏನು? ಕೆಳಗಿನ ದಂಡೆ ಕಡಿಯುವ. ನೀರು ಗದ್ದೆಗೆ ಹೋಗ್ತದೆ, ಎಮ್ಮೆ ತಾನಾಗಿ ಹತ್ತಿ ಬರ್ತದೆ."

"ದಂಡೆ ಕಡಿದರೆ ಕೆಳಗಿನ ಗದ್ದೆಯಲ್ಲಿ ನೆಟ್ಟ ಭತ್ತದ ನೇಜಿ ಕೊಚ್ಚಿ ಹೋಗ್ತದಲ್ಲ, ಅದು ಯಾರ ತಲೆಗೆ?"

"ಒಂದು ಜೀವದ ಮುಂದೆ ನಾಲ್ಕು ಕಟ್ಟು ನೇಜಿ ದೊಡ್ಡದೋ?"

"ಆ ನೇಜಿಯನ್ನು ನಂಬಿದ ಜೀವ ಎಷ್ಟು, ಅದನ್ನು ಮೊದಲು ಹೇಳಿ, ಕೆದ್ಲಾಯ್ರೆ."

ನೋಡಿ, ಪ್ರಶ್ನೆ ಬಂತು. ಉತ್ತರ ಕೊಡದೆ ಬಿಡುವುದುಂಟೇ? ಕೆದ್ಲಾಯರು ಗಂಟಲು ಸರಿಮಾಡಿಕೊಂಡರು. ಧರ್ಮ ಬಂತು, ಅದರ ಬೆನ್ನಿಗೇ ಧರ್ಮಸೂಕ್ಷ್ಮ ಬಂತು. ಶೆಟ್ಟರೇನು ಕಡಿಮೆಯೇ? ಅವರು ರಾಜನೀತಿಯಿಂದ ಹಿಡಿದರು. ಜನ ಹಗ್ಗ ಹಾರೆ ಕೆಳಗಿಟ್ಟು, ಕೊಡೆ ಬಿಡಿಸಿ, ದಂಡೆಯ ಕಲ್ಲುಗಳ ಮೇಲೆ ಕೂತರು. ಇಂಥ ಜೋಡಿ ಇಷ್ಟು ಹುರುಪಿನಲ್ಲಿ ಸಿಗುವುದು ಅಪರೂಪ. ಭಾಗವತರು ಅಭ್ಯಾಸಬಲದಿಂದ ಎರಡು ಸಲ ತಾಳಕ್ಕೆ ತಡಕಾಡಿ ಸುಮ್ಮನಾದರು.

ಗುಲಾಬಿ ಹಾರೆ ಎತ್ತಿಕೊಂಡು ಒಬ್ಬಳೇ ದಂಡೆ ಅಗೆಯತೊಡಗಿದಳು. ಕಲ್ಲು ತುಂಬಿದ ಮಣ್ಣು. ಹಾರೆ ಬಿದ್ದಲ್ಲೆಲ್ಲ ಠಣ್ ಠಣ್ ಎನ್ನುತ್ತಿತ್ತು. ಕೂತವರಲ್ಲಿ ಒಬ್ಬರು, ಮುಖ ಕೂಡ ತಿರುಗಿಸದೆ, "ಗುಲಾಬಿಯಕ್ಕ, ಒಂಚೂರು ನಿಲ್ಲಿಸಿ. ಮಾತು ಕೇಳಿಸ್ತಾ ಇಲ್ಲ," ಎಂದರು.

ಅವಳು ನಿಲ್ಲಿಸಲಿಲ್ಲ. ಆದರೆ ಒಬ್ಬಳ ಕೈಯಿಂದ ಎಷ್ಟು ಆದೀತು? ಅಳುತ್ತಲೇ ಅಗೆದಳು. ಮಳೆ ಬೇರೆ, ಅಳುವುದು ಯಾರಿಗೂ ಕಾಣಲಿಲ್ಲ.

ಕೊನೆಗೆ ಶೆಟ್ಟರ ಬಳಿ ಉತ್ತರ ಮುಗಿಯಿತು. ಅವರು ದೊಡ್ಡ ಮನಸ್ಸಿನವರು. "ಒಪ್ಪಿದೆ. ದಂಡೆ ಕಡಿಯುವುದೇ ಸರಿ," ಎಂದು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ಕೆದ್ಲಾಯರು ಹೇಳಿದ್ದು ಸರಿಯೇ, ಅದರಲ್ಲಿ ಸಂಶಯವಿಲ್ಲ. ಎಲ್ಲರೂ ಎದ್ದು ಸೊಂಟಕ್ಕೆ ಪಂಚೆ ಬಿಗಿದು ಹೊಂಡದ ಕಡೆ ತಿರುಗಿದರು. ನೀರು ಅಂಚಿಗೆ ಬಂದಿತ್ತು. ಎಮ್ಮೆಯ ಬೆನ್ನೂ ಇಲ್ಲ, ಕೊಂಬೂ ಇಲ್ಲ.

ದಂಡೆ ಕಡಿದಿದ್ದರೆ ಎಮ್ಮೆ ಬದುಕುತ್ತಿತ್ತು. ಹಗ್ಗ ಹಾಕಿ ಎಳೆದಿದ್ದರೂ ಬದುಕುತ್ತಿತ್ತು, ಕರು ಹೋಗುತ್ತಿತ್ತೋ ಏನೋ. ಇದನ್ನು ಆಮೇಲೆ ಊರಿನವರೆಲ್ಲ ಹೇಳಿದರು. ಬಹಳ ಚೆನ್ನಾಗಿಯೇ ಹೇಳಿದರು.

ನೀರು ಇಳಿಸಿ, ಸತ್ತ ಎಮ್ಮೆಯನ್ನು ಮೇಲೆ ಎಳೆದು, ಹೂಳಲು ಗುಂಡಿ ತೋಡಬೇಕಾಯಿತು. ಈಗ ಯಾರೂ ಚರ್ಚೆಗೆ ನಿಲ್ಲಲಿಲ್ಲ. ಕೆದ್ಲಾಯರೇ ಮೊದಲು ಹಾರೆ ಹಿಡಿದರು. ಶೆಟ್ಟರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಅಷ್ಟು ಕೈ ಸೇರಿದ ಮೇಲೆ ಕೇಳಬೇಕೇ, ಆಳೆತ್ತರದ ಗುಂಡಿ ಹೊತ್ತು ಮುಳುಗುವ ಮೊದಲೇ ತಯಾರಾಯಿತು.

ಕೆದ್ಲಾಯರ ಕಣ್ಣು ತುಂಬಿತ್ತು. "ಗುಲಾಬಿ, ನಾನು ಹೇಳಿದ್ದೆಲ್ಲ ನಿನ್ನ ಎಮ್ಮೆಯ ಒಳ್ಳೆಯದಕ್ಕೇ," ಎಂದರು.

ಗುಲಾಬಿ ಗುಂಡಿಯನ್ನೇ ನೋಡುತ್ತಿದ್ದಳು. "ಹೌದು ಕೆದ್ಲಾಯ್ರೆ, ಸರಿಯಾಗೇ ಹೇಳಿದ್ರಿ," ಎಂದಳು. "ಇಲ್ಲಿ ಅಗೆದದ್ದರಲ್ಲಿ ಕಾಲು ಭಾಗ ಅಲ್ಲಿ ಅಗೆದಿದ್ರೆ, ಅದು ನಡ್ಕೊಂಡೇ ಮೇಲೆ ಬರ್ತಿತ್ತು."

ನೀತಿ: ಸರಿಯಾದ ಮಾತು ಆಡಿದ ಮಾತ್ರಕ್ಕೆ ಕೆಲಸ ಮಾಡಿದಂತಾಗುವುದಿಲ್ಲ. ಆಪತ್ತು ಕಣ್ಣೆದುರು ಇರುವಾಗ ಮೊದಲು ಕೈ ಹಚ್ಚಿ, ವಾದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಕೈ ಹಚ್ಚಲು ಆಗದಿದ್ದರೆ, ಅಗೆಯುತ್ತಿರುವವರಿಗೆ ಸದ್ದು ಮಾಡಬೇಡಿ ಎಂದಾದರೂ ಹೇಳಬೇಡಿ.