ಹೋಳಿಗೆಯ ಪಂಕ್ತಿಯಲ್ಲಿ ಜಾರಿದ ಮಾತು

ಒಂದು ಹೊಳೆ. ಆಚೆ ದಡಕ್ಕೊಬ್ಬ ನಾಯಕ, ಈಚೆ ದಡಕ್ಕೊಬ್ಬ ನಾಯಕ. ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡ ಷಡ್ಡಕರು. ಮಾವನ ಮನೆಯ ಮದುವೆಯಲ್ಲಿ ಮೊದಲ ತಾಂಬೂಲ ಯಾರ ಕೈಗೆ ಬಂತು ಅನ್ನುವುದರ ಮೇಲೆ ಹತ್ತಿಕೊಂಡ ಜಗಳ, ಇಪ್ಪತ್ತು ವರ್ಷವಾದರೂ ಆರಿರಲಿಲ್ಲ. ಹೆಂಡಂದಿರು ಕದ್ದುಮುಚ್ಚಿ ಸೀರೆ ಬದಲಾಯಿಸಿಕೊಂಡು ಚೆನ್ನಾಗಿಯೇ ಇದ್ದರು. ಸಾಯುವವರು ಮಾತ್ರ ಕಂಡವರ ಮನೆಯ ಗಂಡಸರು.

ಹೊಳೆಯ ನಡುಗಡ್ಡೆಯಲ್ಲಿ ಗುರು ಮರುಳಯ್ಯನವರ ಮಠ. ಮಠವೆಂದರೆ ಗಂಟೆ, ಜಾಗಟೆ ಏನಿಲ್ಲ. ನಾಲ್ಕು ಚಪ್ಪರ, ಒಂದು ಬಿಸಿನೀರಿನ ಹಂಡೆ. ಕಾಳಗದಲ್ಲಿ ಗಾಯಗೊಂಡವರನ್ನು ಎರಡೂ ದಡದಿಂದ ಅಲ್ಲಿಗೇ ಹೊತ್ತು ತರುತ್ತಿದ್ದರು. ನೀನು ಯಾವ ದಡದವನು ಅಂತ ಗುರುಗಳು ಕೇಳುತ್ತಿರಲಿಲ್ಲ. ಎಲ್ಲಿ ನೋವು ಅಂತ ಕೇಳುತ್ತಿದ್ದರು.

ಹಂಪಣ್ಣ ಅವರ ಶಿಷ್ಯ. ಹನ್ನೆರಡು ವರ್ಷ ಅವರ ಪಕ್ಕದಲ್ಲೇ ಕೂತು ಗಾಯ ಹೊಲಿದವನು. ಕೈ ಬಂಗಾರ. ಬಾಯಿಗೆ ಮಾತ್ರ ಬಾಗಿಲಿಲ್ಲ.

ಈಚೆ ದಡದ ನಾಯಕ ಮಗನ ನಾಮಕರಣಕ್ಕೆ ಹಂಪಣ್ಣನನ್ನು ಕರೆಸಿ ಮೊದಲ ಪಂಕ್ತಿಯಲ್ಲೇ ಕೂರಿಸಿದ. ಹೋಳಿಗೆಗೆ ತುಪ್ಪ ಬಡಿಸಿದವಳು ನಾಯಕನ ಚಿಕ್ಕಪ್ಪನ ಮಗಳು, ಗಂಡನನ್ನು ಬಿಟ್ಟು ಬಂದು ಕೂತವಳು. ಅಷ್ಟು ಜನರಿರುವಾಗ ಅವಳೇ ಯಾಕೆ ಬಡಿಸಬೇಕು, ಮೂರು ಮೂರು ಸಲ ಯಾಕೆ ಬಡಿಸಬೇಕು? ಪಂಕ್ತಿಗೆಲ್ಲ ಗೊತ್ತಾಯಿತು. ಹಂಪಣ್ಣನೊಬ್ಬನಿಗೆ ಗೊತ್ತಾಗಲಿಲ್ಲ.

ಪಕ್ಕದ ಎಲೆಯಲ್ಲಿ ಕೂತಿದ್ದವನು ಚಿತ್ತಯ್ಯ. ನಾಯಕನ ತೋಪು, ತುಪಾಕಿ, ಮದ್ದಿನ ಮನೆ ಎಲ್ಲ ಇವನ ಕೈಯಲ್ಲಿ.

"ಅಲ್ಲ ಹಂಪಣ್ಣ, ಗುಂಡು ಬಿದ್ದವನನ್ನೂ ಬದುಕಿಸ್ತೀರಂತೆ? ಸುಳ್ಳಿರಬೇಕು."

"ಸುಳ್ಳು ಯಾಕೆ? ಒಂದು ಗುಂಡು, ಒಂದು ತೂತು. ನೀವು ಎಲೆ ಅಡಿಕೆ ಹಾಕಿ ಉಗಿಯೋದರೊಳಗೆ ನಮ್ಮ ಗುರುಗಳು ಈಚೆ ತೆಗೆದಿರ್ತಾರೆ."

"ಹಾಗಾದರೆ ಅವರ ಕೈಲಿ ಆಗದ್ದೇ ಇಲ್ಲ ಅನ್ನು."

ತುಪ್ಪದ ಗಿಂಡಿ ಹಿಡಿದವಳು ನಿಂತು ಕೇಳುತ್ತಿದ್ದಳು. ಹಂಪಣ್ಣನ ಎದೆ ಬಾಗಿಲಷ್ಟು ಅಗಲವಾಯಿತು.

"ಯಾಕಿಲ್ಲ? ಹೋದ ವರ್ಷ ತುಪಾಕಿ ಸಿಡಿದು ಒಬ್ಬನ ಮೈಗೆಲ್ಲ ಕಬ್ಬಿಣದ ಚೂರು ಹೊಕ್ಕಿತ್ತು. ಒಂದು ತೆಗೆದರೆ ಒಳಗೆ ಇನ್ನೊಂದು. ಕೀವಾಗಿ ಸತ್ತ. ಗುರುಗಳೇ ಕೈಮುಗಿದುಬಿಟ್ಟರು. ಪುಣ್ಯಕ್ಕೆ ಯಾರೂ ಬೇಕಂತ ಚೂರು ತುಂಬಿ ಹೊಡೆಯೋದಿಲ್ಲ."

ಚಿತ್ತಯ್ಯ ತನಗೊಂದು ಹೋಳಿಗೆ ಹಾಕಿಸಿಕೊಂಡ. ಹಂಪಣ್ಣನ ಎಲೆಗೂ ಒಂದು ಹಾಕಿಸಿದ.

ಸುಗ್ಗಿ ಮುಗಿಯಿತು, ಕಾಳಗ ಬಂತು. ಆಚೆ ದಡದಿಂದ ಹೊತ್ತು ತಂದ ಮೊದಲನೆಯವನ ಮೈಯಲ್ಲಿ ನಲವತ್ತು ತೂತು. ಗುರುಗಳು ಒಂದು ಚೂರು ಕಿತ್ತು ನೀರಲ್ಲಿ ತೊಳೆದು ನೋಡಿದರು.

"ಇದು ಕಾವಲಿಯ ಚೂರು. ದೋಸೆ ಹೊಯ್ಯೋದನ್ನ ಒಡೆದು ತುಪಾಕಿಗೆ ತುಂಬಿದ್ದಾರೆ. ಯಾವ ಪುಣ್ಯಾತ್ಮನಿಗೆ ಹೊಳೀತೋ."

ಹಂಪಣ್ಣ ಹಂಡೆಗೆ ಸೌದೆ ಇಡುವ ನೆಪದಲ್ಲಿ ಆಚೆ ಹೋದ.

ಆಚೆ ದಡದವರೇನು ಕೈಕಟ್ಟಿ ಕೂತಿದ್ದರೇ? ತಮ್ಮ ಹೆಣಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ನೋಡಿ, ತಾವೂ ಮನೆಮನೆ ತಿರುಗಿ ಒಡಕು ಕಾವಲಿ, ಲಾಳದ ಮೊಳೆ ಕೂಡಿಸಿದರು. ಎಂಟೇ ದಿನ. ಹಂಪಣ್ಣನ ಅಕ್ಕ ಹಾಲವ್ವ ಈಚೆ ದಡದ ದೋಣಿಯಿಂದ ಇಳಿದಳು. ಹಿಂದೆ ನಾಲ್ವರು ಅವಳ ಗಂಡ ಕೊಟ್ರಪ್ಪನನ್ನು ಹೊತ್ತಿದ್ದರು.

"ತಮ್ಮಾ, ನಿನ್ನ ಕೈ ಬಂಗಾರ ಅಂತ ಊರೇ ಹೇಳುತ್ತೆ. ನನ್ನ ಗಂಡನ್ನ ಉಳಿಸಿಕೊಡೋ."

ಕೊಟ್ರಪ್ಪ ಅಷ್ಟು ನೋವಿನಲ್ಲೂ ನಕ್ಕ. "ಏನೋ ಹಂಪ, ಯಾವಳದೋ ಅಡುಗೆಮನೆ ನನ್ನ ಹೊಟ್ಟೆಯೊಳಗೆ ಬಂದು ಕೂತಿದೆ. ನಿಮ್ಮಕ್ಕನಿಗೆ ಸವತಿ."

ಹಂಪಣ್ಣನಿಗೆ ನಗು ಬರಲಿಲ್ಲ. ಹೊಳೆಯ ಮೆಟ್ಟಿಲಲ್ಲಿ ಸೂಜಿ ತೊಳೆಯುತ್ತಿದ್ದ ಗುರುಗಳ ಕಾಲಿಗೆ ಹೋಗಿ ಬಿದ್ದ. ಹೋಳಿಗೆ, ತುಪ್ಪ, ಗಿಂಡಿಯವಳು, ಚಿತ್ತಯ್ಯ, ಎಲ್ಲ ಹೇಳಿದ.

ಗುರುಗಳು ಸೂಜಿ ಒರೆಸಿದರು.

"ನಿಂದು ನಾಮಕರಣದಲ್ಲಾ?"

"ಹೌದು ಗುರುಗಳೇ."

"ನಂದು ಮದುವೆಯಲ್ಲಿ."

ಹಂಪಣ್ಣ ತಲೆ ಎತ್ತಿದ.

"ನಾನು ಹರೆಯದಲ್ಲಿದ್ದಾಗ ಬಾಣ ನೆಟ್ಟಗಿತ್ತು. ಹೋದ ದಾರಿಯಲ್ಲೇ ಬರುತ್ತಿತ್ತು. ಗಾಳದ ಹಾಗೆ ಹಿಮ್ಮುಳ್ಳು ಇದ್ದರೆ ಮಾತ್ರ ನಮ್ಮಪ್ಪ ಬಂದರೂ ತೆಗೆಯೋಕಾಗಲ್ಲ ಅಂತ ಬೀಗರ ಮುಂದೆ ಜಂಬ ಕೊಚ್ಚಿದೆ. ಮೂರು ತಿಂಗಳಿಗೆ ಹಿಮ್ಮುಳ್ಳಿನ ಬಾಣ ಬಂತು."

"ಆ ಬಾಣ ತೆಗೆಯುವ ಕೊಕ್ಕೆ ಮಾಡಿದವರು ನೀವಲ್ಲವೇ? ಅದಕ್ಕಲ್ಲವೇ ಜನ ನಿಮ್ಮನ್ನು ದೇವರು ಅನ್ನೋದು?"

"ಬೆಂಕಿ ಇಟ್ಟವನೇ ಕೊಡ ಹೊತ್ತು ಓಡಿ ಬಂದ. ಜನ ಕೊಡ ನೋಡಿದರು."

ಹಂಪಣ್ಣನಿಗೆ ಎದೆಯ ಮೇಲಿನ ಕಲ್ಲು ಒಂದು ಗಳಿಗೆ ಹಗುರಾಯಿತು. ಹಗುರಾಯಿತಲ್ಲ ಅಂತ ಮರುಗಳಿಗೆಗೆ ನಾಚಿಕೆಯೂ ಆಯಿತು.

"ನಿಮ್ಮ ಗುರುಗಳು ನಿಮಗೆ ಏನಂದರು?"

"ಏನೂ ಅನ್ನಲಿಲ್ಲ. ಅವರ ಕಾಲದಲ್ಲಿ ಎದುರಿನವನ ಹೆಸರು ಕೇಳಿ ಕತ್ತಿ ಎತ್ತುತ್ತಿದ್ದರಂತೆ. ಹೊತ್ತು ಮುಳುಗಿದರೆ ಕೊಂಬು ಊದಿ ಮನೆಗೆ ಹೋಗುತ್ತಿದ್ದರಂತೆ. ನೇರ ಗಾಯ ಹೊಲಿದರೆ ಕೂಡುತ್ತೆ, ಹರಿದ ಗಾಯ ಕೂಡಲ್ಲ ಅಂತ ಅವರು ಯಾರ ಹತ್ತಿರವೋ ಆಡಿದರು. ಕತ್ತಿಗೆ ಗರಗಸದ ಹಲ್ಲು ಬಂತು. ಯಾವ ಊಟದಲ್ಲಿ ಆಡಿದರು ಅಂತ ನನಗೆ ಹೇಳಲಿಲ್ಲ."

"ನಾನೀಗ ಏನು ಮಾಡಲಿ ಸ್ವಾಮಿ?"

"ನಿನ್ನ ಭಾವ ಉಸಿರಾಡ್ತಿದ್ದಾನಾ?"

"ಆಡ್ತಿದ್ದಾನೆ."

"ಮತ್ತೆ ನನ್ನ ಕಾಲ ಹತ್ತಿರ ಏನು ಕೆಲಸ?"

ಮೂರು ದಿನ ಹಂಪಣ್ಣ ಕೂತ ಜಾಗ ಬಿಟ್ಟು ಏಳಲಿಲ್ಲ. ಚಿಮಟಕ್ಕೆ ಸಿಕ್ಕಿದ್ದು ಆರು ಚೂರು. ಒಳಗೆಷ್ಟಿವೆಯೋ, ಶಿವನೇ ಬಲ್ಲ. ಕೊಟ್ರಪ್ಪನ ಮೈ ಕಾದ ಹೆಂಚು.

ನಾಲ್ಕನೆಯ ದಿನ ದೋಣಿಕಟ್ಟೆಯಲ್ಲಿ ಸೂಜಿ ಮಾರುವ ಮುದುಕಿಯ ಡಬ್ಬಿ ಮರಳಿಗೆ ಬಿತ್ತು. ಅವಳು ಬೈದುಕೊಳ್ಳುತ್ತ ಸೆರಗಿನಿಂದ ಸೂಜಿಗಲ್ಲು ತೆಗೆದು ಮರಳ ಮೇಲಾಡಿಸಿದಳು. ಸೂಜಿಗಳು ತಾವಾಗಿ ಎದ್ದು ಬಂದು ಕಲ್ಲಿಗೆ ಕಚ್ಚಿಕೊಂಡವು.

ಹಂಪಣ್ಣ ಓಡಿದ. "ಅಜ್ಜೀ, ಆ ಕಲ್ಲು ಕೊಡು."

ಯಾಕೆ ಅಂತ ಕೇಳಿ ತಿಳಿದು ಮುದುಕಿ ಮೂಗು ಮುರಿದಳು. "ಗಂಡಸರು ಮೈಗೆ ತುಂಬಿಕೊಂಡದ್ದು ತೆಗೆಯೋಕೂ ಹೆಂಗಸರ ಗಂಟೇ ಬೇಕಾಯ್ತಾ? ತಗೋ, ಹಾಳಾಗಿ ಹೋಗು."

ಬಿಸಿ ಎಣ್ಣೆ ಹಾಕಿ ಗಾಯ ಮೆತ್ತಗೆ ಮಾಡಿ, ಅದರ ಬಾಯಿ ತುಸು ಬಿಡಿಸಿ, ಕಲ್ಲು ಹಿಡಿದ. ಕಬ್ಬಿಣ ಮೇಲೆ ಬಂತು. ಹನ್ನೊಂದು. ಮರುದಿನ ಒಂಬತ್ತು. ಹದಿನೈದನೆಯ ದಿನ ಕೊಟ್ರಪ್ಪ ಎದ್ದು ಕೂತು ಅಂಬಲಿಗೆ ಉಪ್ಪು ಸಾಲದು ಅಂತ ಹೆಂಡತಿಯನ್ನು ಬೈದ. ಬೈಸಿಕೊಂಡ ಹಾಲವ್ವ ಅತ್ತಳು.

ಸುದ್ದಿ ತಿಳಿದು ಚಿತ್ತಯ್ಯ ಹಣ್ಣಿನ ತಟ್ಟೆ ಹಿಡಿದು ಬಂದ.

"ಹೇಗೆ ತೆಗೆದೆ ಮಾರಾಯ?"

"ಗುರುಗಳ ಆಶೀರ್ವಾದ."

"ನಮ್ಮವರೇ ಬದುಕಿದ್ದು. ನಮಗೂ ಹೇಳಬಾರದಾ? ನಾಳೆ ಊಟಕ್ಕೆ ಬಾ. ಹೋಳಿಗೆ ಮಾಡಿಸ್ತೀನಿ."

"ಈಚೆಗೆ ನನಗೆ ಹೋಳಿಗೆ ಒಗ್ಗೋದಿಲ್ಲ."

ಚಿತ್ತಯ್ಯ ಹಣ್ಣಿನ ತಟ್ಟೆಯನ್ನೂ ವಾಪಸು ಹೊತ್ತುಕೊಂಡೇ ಹೋದ. ಅಂಥ ಜನ. ಹಂಪಣ್ಣ ಗುರುಗಳ ಕಡೆ ನೋಡಿದ. ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

ಕೊಟ್ರಪ್ಪ ಊರಿಗೆ ಹೋದ. ಹಂಪಣ್ಣ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಮಠದಲ್ಲಿ ಯಾರ ಹತ್ತಿರವೂ ಅದರ ಹೆಸರೆತ್ತಲಿಲ್ಲ. ಹೊಳೆ ತುಂಬಿತು, ಇಳಿಯಿತು. ಮತ್ತೆ ಕಾಳಗ.

ಆಚೆ ದಡದಿಂದ ಒಬ್ಬಳು ಗಂಡನನ್ನು ಹೊರಿಸಿಕೊಂಡು ಬಂದಳು. ಇನ್ನೂ ಅರಿಶಿನದ ಬಣ್ಣ ಮಾಸದ ತಾಳಿ.

"ಅಣ್ಣಾ, ನೀನೇ ಅಲ್ಲವಾ ಹಂಪಣ್ಣ? ನಿನ್ನ ಭಾವ ಸಂತೆಯಲ್ಲಿ ಅಂಗಿ ಎತ್ತಿ ಕಲೆ ತೋರಿಸಿದನಂತೆ. ಕಲ್ಲಿನಿಂದ ತೆಗೆದರು ಅಂತ ಕುಣಿದನಂತೆ. ನಮ್ಮ ದಡಕ್ಕೂ ಬಂತು ಸುದ್ದಿ. ಇವರನ್ನೂ ಹಾಗೇ ಉಳಿಸು."

"ಹೆದರಬೇಡ ತಾಯಿ."

ಹಂಪಣ್ಣ ಎಣ್ಣೆ ಹಾಕಿದ. ಕಲ್ಲು ಹಿಡಿದ. ಏನೂ ಬರಲಿಲ್ಲ.

ಕಲ್ಲನ್ನು ಉಜ್ಜಿ ಮತ್ತೆ ಹಿಡಿದ. ಬರಲಿಲ್ಲ.

ಚಿಮಟದಿಂದ ಒಂದು ಚೂರು ಕಿತ್ತು ನೀರಿನಲ್ಲಿ ಅದ್ದಿದ. ರಕ್ತ ಹೋಯಿತು. ಚೂರು ಹಳದಿಯಾಗಿತ್ತು. ಹಿತ್ತಾಳೆ.

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಗುರುಗಳ ಮುಂದೆ ಹೋಗಿ ನಿಂತ.

"ಗುರುಗಳೇ, ಈ ಸಲ ನಾನು ಬಾಯಿ ಬಿಡಲಿಲ್ಲ. ನಿಮ್ಮಾಣೆ, ಒಂದೇ ಒಂದು ಮಾತು ಆಡಲಿಲ್ಲ."

ಮರುಳಯ್ಯನವರು ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡು, ಆ ಹೆಂಗಸು ಕೂತಿದ್ದ ಚಪ್ಪರದ ಕಡೆ ಹೆಜ್ಜೆ ಹಾಕುತ್ತ ಅಂದರು:

"ನೀನು ಹೇಳಲಿಲ್ಲ ಹಂಪಾ. ಬದುಕಿದವನು ಹೇಳಿದ."