ಬಾಗಿಲ ಬಳೆ ಹಿಡಿದವನು

“ಗುರುಗಳೇ, ಕೋಪ ಆರಿದ ಮೇಲೆ ಹೋಗಿ ನೋಡಿದರೆ ಆಗದೇ?” ಎಂದು ಇನ್ನಾಸಪ್ಪ ಕೇಳಿದ. ಅವನ ಮೇಲೆ ಸುಳ್ಳು ಕಳ್ಳತನ ಹೊರಿಸಿ, ಊರೆದುರು ತಲೆ ತಗ್ಗಿಸುವಂತೆ ಮಾಡಿದ್ದ ದಾಯಾದಿ ಈಗ ಜ್ವರ ಬಂದು ಮಲಗಿದ್ದ. ನೀರು ಕೊಡುವವರೂ ಇರಲಿಲ್ಲ. “ಮನಸ್ಸಿನಲ್ಲಿ ಕ್ಷಮೆಯೇ ಇಲ್ಲ. ಈಗ ಹೋದರೆ ಬರೀ ನಾಟಕವಾಗುತ್ತದೆ.”

“ಭೇಷ್, ಒಳ್ಳೆಯ ನೆಪ ಹುಡುಕಿದ್ದೀಯ. ಕೂತುಕೋ,” ಎಂದು ಗುರುಗಳು ಹೇಳತೊಡಗಿದರು.

ಕಡಲಾಚೆ ಬಡಗಣ ದಿಕ್ಕಿನಲ್ಲಿ, ಹಿಮ ಬೀಳುವ ನಾಡಿನಲ್ಲಿ, ಹಿಂದೆ ಒಬ್ಬ ಅರಸನಿದ್ದ. ಅಲ್ಲಿ ಕೊಲೆಗೆ ಕೊಲೆಯೇ ಉತ್ತರ. ಒಂದು ಹೆಣ ಬಿದ್ದರೆ ಎರಡು ಮನೆತನ ಹಾಳು. ಇದನ್ನು ತಡೆಯಲು ಅರಸ ಒಂದು ಕಟ್ಟಳೆ ಮಾಡಿದ. ಕೊಂದು ಓಡಿಬಂದವನು ಚರ್ಚಿನ ಬಾಗಿಲ ಕಬ್ಬಿಣದ ಬಳೆ ಹಿಡಿದರೆ ಅವನನ್ನು ಯಾರೂ ಮುಟ್ಟಬಾರದು. ಪಾದ್ರಿ ಬಂದು ಬಾಗಿಲು ತೆರೆದು ಒಳಗೆ ಕರೆದುಕೊಂಡರೆ ಜೀವ ಉಳಿಯಿತು, ವಿಚಾರಣೆ ಆಮೇಲೆ. ಅದಕ್ಕೂ ಮುಂಚೆ ಕೈ ಬಿಟ್ಟನೋ, ಅವನ ಹಣೆಬರಹ.

ಒಂದು ಚಳಿಗಾಲದಲ್ಲಿ ಒಬ್ಬ ಬೆಸ್ತ ಜಗಳವಾಡಿ ಅರಸನ ತಮ್ಮನನ್ನೇ ಕೊಂದ. ಓಡಿಬಂದು ಬಳೆ ಹಿಡಿದ. ಪಾದ್ರಿ ದೂರದ ಹಳ್ಳಿಗೆ ಹೋಗಿದ್ದ. ಅರಸನ ಆಳುಗಳು ಕೊಡಲಿ ಹಿಡಿದು ಸುತ್ತ ನಿಂತರು. ಅರಸನೂ ಬಂದ. ತಾನು ಮಾಡಿದ ಕಟ್ಟಳೆ ತನ್ನ ಕೊರಳಿಗೇ ಬಂದಿತ್ತು. ಎತ್ತಿ ಆಡಿಸಿದ ತಮ್ಮ, ಅಯ್ಯಾ! ಕರುಳು ಕಿತ್ತು ಬರುವುದಿಲ್ಲವೇ?

ಹಿಮಗಾಳಿಗೆ ಕಬ್ಬಿಣ ಕೊರೆಯುತ್ತಿತ್ತು. ಬೆಸ್ತನ ಬೆರಳುಗಳು ನೀಲಿಗಟ್ಟಿದವು.

“ಒಡೆಯಾ, ಕೈ ಸೋಲುತ್ತಿದೆ,” ಎಂದ.

“ಸೋಲಲಿ. ಅದಕ್ಕೇ ಕಾದಿದ್ದೇನೆ,” ಎಂದ ಅರಸ.

ಬೆರಳುಗಳು ಸಡಿಲವಾದವು. ಆಳುಗಳು ಕೊಡಲಿ ಎತ್ತಿದರು. ಅರಸ ಮುಂದೆ ನುಗ್ಗಿ, ತನ್ನ ಕೈಗವಸು ಕಿತ್ತೆಸೆದು, ಬೆಸ್ತನ ಕೈಯನ್ನು ಬರಿಗೈಯಲ್ಲಿ ಅದುಮಿ ಬಳೆಗೆ ಒತ್ತಿ ಹಿಡಿದ. “ಕ್ಷಮಿಸಿದೆ ಅಂದುಕೊಳ್ಳಬೇಡ, ಪಾಪಿ. ನಿನ್ನ ಮುಖ ನೋಡಿದರೆ ಮೈಯೆಲ್ಲ ಉರಿಯುತ್ತದೆ!” ಎಂದ. ಬೈಯುತ್ತಲೇ, ಅಳುತ್ತಲೇ, ಪಾದ್ರಿ ಬರುವವರೆಗೂ ಹಾಗೆಯೇ ಹಿಡಿದಿದ್ದ. ಅವನ ಬೆರಳುಗಳೂ ಮರಗಟ್ಟಿದವು. ಕೊನೆಗೆ ಪಾದ್ರಿ ಬಂದು ಬಾಗಿಲು ತೆರೆದ, ಬೆಸ್ತ ಉಳಿದುಕೊಂಡ. ಅರಸ ತೀರಿಕೊಂಡ ಮೇಲೆ ಆ ನಾಡಿನವರು ಅವನನ್ನು ಸಂತನೆಂದು ಕೊಂಡಾಡಿದರು.

ಇನ್ನಾಸಪ್ಪ ಕೇಳಿದ: “ಹಾಗಾದರೆ ಆ ಅರಸನ ಕೋಪ ಆರಿದ್ದು ಯಾವಾಗ, ಗುರುಗಳೇ?”

“ಅದಕ್ಕೆ ವರ್ಷಗಳೇ ಹಿಡಿದವು,” ಎಂದರು ಗುರುಗಳು, “ಆ ಬೆಸ್ತನ ಕೈ ಅಷ್ಟು ದಿನ ತಾಳುತ್ತಿರಲಿಲ್ಲ.”