ಮೆಟ್ಟಿಲಿಲ್ಲದಮ್ಮನ ಬೆಟ್ಟ

ಕೊಳ್ಳೇಗಾಲದ ಸೀಮೆಯಲ್ಲಿ ಇನ್ನಾಸಿಪಾಳ್ಯವೆಂಬ ಊರಿನ ಮೂಡಲಿಗೆ ಒಂದು ಬೋಳುಬಂಡೆಯ ಬೆಟ್ಟವಿದೆ. ಅದರ ನೆತ್ತಿಯ ಮೇಲೆ ಕ್ರೈಸ್ತರ ಆರೋಗ್ಯಮಾತೆಯ ಪುಟ್ಟ ಗುಡಿ. ನಕ್ಷೆಯಲ್ಲಿ ಇದಕ್ಕೆ ಕರಡಿಗುಡ್ಡವೆಂದು ಹೆಸರಿದ್ದರೂ ಹಾಗೆಂದು ದಾರಿ ಕೇಳಿದರೆ ಯಾರೂ ತೋರಿಸಲಾರರು. ಮೆಟ್ಟಿಲಿಲ್ಲದಮ್ಮನ ಬೆಟ್ಟ ಎನ್ನಬೇಕು. ಬುಡದಿಂದ ನೆತ್ತಿಯವರೆಗೆ ಒಂದು ಅಗಲವಾದ ದಾರಿ ಬೆಟ್ಟವನ್ನು ಬಳಸಿ ಬಳಸಿ ಏರುತ್ತದೆ. ಸೆಪ್ಟೆಂಬರಿನ ಹಬ್ಬದ ದಿನ ಆ ದಾರಿಯಲ್ಲಿ ಗಾಲಿಕುರ್ಚಿಗಳೂ ಊರುಗೋಲುಗಳೂ ಮುಂದೆ, ಗಟ್ಟಿಮುಟ್ಟಾದವರು ಹಿಂದೆ. ಈ ಕ್ರಮವನ್ನು ಯಾರೂ ಮೀರುವುದಿಲ್ಲ. ಈ ದಾರಿಯ ಕಥೆಯನ್ನು ನಾನು ಕೇಳಿದ್ದು ನಮ್ಮ ಅಜ್ಜಿಯಿಂದ. ಅವರು ತಮ್ಮ ಅಜ್ಜಿಯಿಂದ ಕೇಳಿದ್ದರಂತೆ.

ಹಿಂದೆ ಒಮ್ಮೆ ಈ ಬೆಟ್ಟಕ್ಕೆ ಮೇಕೆಗಳು ತುಳಿದ ಜಾಡಲ್ಲದೆ ಬೇರೆ ದಾರಿಯೇ ಇರಲಿಲ್ಲ. ಊರಿನ ಕಲ್ಲುಕುಟಿಗ ಚೌರಪ್ಪನ ಹೆಂಡತಿ ಅಗ್ನೇಸಮ್ಮ ಬಾಣಂತಿಜ್ವರದಲ್ಲಿ ಸಾಯುವ ಸ್ಥಿತಿಗೆ ಬಂದಾಗ ಅವನು ಮಾತೆಯ ಬಳಿಗೆ ದಾರಿ ಮಾಡುವೆನೆಂದು ಹರಕೆ ಹೊತ್ತ. ಅವಳು ಬದುಕಿದಳು. ಮೂರು ವರ್ಷ ಒಬ್ಬನೇ ಉಳಿ ಹಿಡಿದು ಬಂಡೆಯ ಮೇಲೆ ನೂರ ಅರವತ್ತು ಮೆಟ್ಟಿಲು ಕಡೆದ. ಜನ ಮೆಟ್ಟಿಲಿಗೊಂದು ನಮೋಮರಿಯ ಜಪ ಹೇಳುತ್ತ ಹತ್ತುವುದನ್ನು ಕಂಡು ಅವನ ಎದೆ ಉಬ್ಬಿತ್ತು. ಮರುವರ್ಷ ಕಲ್ಲುಗಣಿಯಲ್ಲಿ ಚಪ್ಪಡಿಯೊಂದು ಜಾರಿ ಅವನ ಎರಡೂ ಕಾಲುಗಳ ಮೇಲೆ ಬಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಆಗ ರೋಗಿಗಳನ್ನೂ ನಡೆಯಲಾರದವರನ್ನೂ ಬೆಟ್ಟದ ಬುಡದ ಹುಣಸೆತೋಪಿನಲ್ಲಿ ಮಲಗಿಸಿ ಮನೆಯವರು ಅವರ ಪರವಾಗಿ ಮೇಲೆ ಹೋಗಿ ಬರುವುದು ವಾಡಿಕೆಯಾಗಿತ್ತು. ಆ ವರ್ಷದ ಹಬ್ಬದ ದಿನ ಅಗ್ನೇಸಮ್ಮನೂ ಗಂಡನನ್ನು ತೋಪಿನಲ್ಲಿ ಬಿಟ್ಟು ಹತ್ತಿದಳು. ಚೌರಪ್ಪ ಬೆನ್ನು ಮರಕ್ಕೆ ಕೊಟ್ಟು, ಮೇಲೇರುತ್ತ ಸಣ್ಣದಾಗುತ್ತಿದ್ದ ಜಪದ ದನಿ ಕೇಳುತ್ತ ಕುಳಿತ. ಪಕ್ಕದಲ್ಲಿ ಕೀಲುಗಳೆಲ್ಲ ಸೆಟೆದುಹೋದ ಮದಲೇನಮ್ಮ ಎಂಬ ಮುದುಕಿ ಚಾಪೆಯ ಮೇಲೆ ಮಲಗಿದ್ದಳು.

“ಏನಪ್ಪ, ಮೇಲೆ ಅಮ್ಮನ ಮುಖ ಹೆಂಗದೆ?” ಎಂದು ಅವಳು ಕೇಳಿದಳು.

“ನೀನು ನೋಡಿಲ್ವಾ ಅಜ್ಜಿ? ವರ್ಷ ವರ್ಷ ಬರ್ತೀಯಲ್ಲ.”

“ಹನ್ನೊಂದು ವರ್ಷದಿಂದ ಬತ್ತಾವ್ನಿ ಕಣಪ್ಪ. ಇನ್ನೂ ಬಂದು ಮುಟ್ಟಿಲ್ಲ.”

ಚೌರಪ್ಪ ಅಮ್ಮನ ಮುಖವನ್ನು ಬಣ್ಣಿಸಲು ಹೋದ. ಅರ್ಧಕ್ಕೇ ಬಿಟ್ಟು ಸುತ್ತ ಕಣ್ಣು ಹಾಯಿಸಿದ. ದಾರಿ ಮಾಡಿದೆನೆಂದು ಬೀಗಿದ್ದವನಿಗೆ ಆ ತೋಪಿನ ತುಂಬ ಮಲಗಿದ್ದವರನ್ನು ನೋಡಿ ನಾಚಿಕೆಯಾಯಿತು. ಮರುದಿನ ಬೆಳಗ್ಗೆ ಹೆಂಡತಿಯನ್ನು ಕರೆದು, ಉಳಿ ಸುತ್ತಿಗೆ ತಂದುಕೊಟ್ಟು ತನ್ನನ್ನು ಬೆಟ್ಟದ ಬುಡದಲ್ಲಿ ಕೂರಿಸು ಎಂದ. ಮೊದಲ ಮೆಟ್ಟಿಲಿನ ಅಂಚು ಒಡೆದ. ಒಡೆದ ಚೂರನ್ನು ತಗ್ಗಿಗೆ ತುಂಬಿ ಇಳಿಜಾರು ಮಾಡಿದ. ಅದರ ಮೇಲೆ ಕುಂಡಿ ಸರಿಸಿಕೊಂಡು ಎರಡನೆಯದಕ್ಕೆ ಹೋದ. ಕಡಿದಾದ ಕಡೆ ದಾರಿಯನ್ನು ಬದಿಗೆ ತಿರುಗಿಸಿ ಬಂಡೆಯನ್ನು ಬಳಸಿದ. ಅಗ್ನೇಸಮ್ಮ ದಿನವೂ ಕೆರೆಯಂಗಳದ ಮಣ್ಣು ಹೊತ್ತು ತಂದು ಸುರಿದು ತುಳಿದಳು.

ಸುದ್ದಿ ಹರಡಿದೊಡನೆ ಊರು ಸಿಡಿಮಿಡಿಗೊಂಡಿತು. ಗುಡಿಯ ದಿನದ ಪ್ರಾರ್ಥನೆಗಳನ್ನು ನೋಡಿಕೊಳ್ಳುತ್ತಿದ್ದ ಉಪದೇಶಿ ಜ್ಞಾನಪ್ಪ ನಾಲ್ವರನ್ನು ಕಟ್ಟಿಕೊಂಡು ಬಂದ. “ಹರಕೆಯ ಮೆಟ್ಟಿಲು ಒಡೀತಿದೀಯಲ್ಲೋ, ನಿನಗೇನು ಬುದ್ಧಿಗಿದ್ಧಿ ಕೆಟ್ಟಿದೆಯಾ? ಕಾಲು ಹೋದ ಸಿಟ್ಟನ್ನ ಅಮ್ಮನ ಮೇಲೆ ತೀರಿಸ್ಕೋತೀಯಾ?” ಎಂದು ಗದರಿದ. ಆ ಮಾತು ಚೌರಪ್ಪನಿಗೆ ಚುಚ್ಚಿತು. ಆದರೂ ಸುತ್ತಿಗೆ ಕೆಳಗಿಡಲಿಲ್ಲ. ಅವನಿಗೆ ನೀರೂ ಕೊಡಬಾರದೆಂದು ಕೆಲವರು ಮಾತಾಡಿಕೊಂಡರು. ಮರುವರ್ಷದ ಹಬ್ಬ ಬರುವ ಹೊತ್ತಿಗೆ ನಲವತ್ತೊಂದು ಮೆಟ್ಟಿಲುಗಳು ಹೋಗಿದ್ದವು.

ವರ್ಷಕ್ಕೊಮ್ಮೆ ಹಬ್ಬದ ಪೂಜೆಗೆ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ವೃದ್ಧ ಪಾದ್ರಿ ಸ್ವಾಮಿಯವರ ಮುಂದೆ ಜ್ಞಾನಪ್ಪ ದೂರಿಟ್ಟ. ಸ್ವಾಮಿಯವರು ಚೌರಪ್ಪನ ಬಳಿ ಹೋಗಿ ಕಲ್ಲಿನ ಮೇಲೆ ಕುಳಿತು, “ಹರಕೆ ಯಾರದಪ್ಪ?” ಎಂದರು.

“ನನ್ನದೇ ಸ್ವಾಮಿ. ಅಮ್ಮನ ಹತ್ರ ಹೋಗೋಕೆ ದಾರಿ ಮಾಡ್ತೀನಿ ಅಂದಿದ್ದೆ. ಕಾಲಿದ್ದೋರಿಗೆ ಮಾತ್ರ ಮಾಡ್ಬಿಟ್ಟೆ. ಹರಕೆ ಇನ್ನೂ ಮುಗಿದಿಲ್ಲ.”

ಸ್ವಾಮಿಯವರು ಆ ಇಳಿಜಾರಿನ ಮೇಲೆ ಕೈಯಾಡಿಸಿ ನೋಡಿದರು. ಆಮೇಲೆ ಎದ್ದು, ಪೂಜೆಯ ಸಾಮಾನುಗಳನ್ನು ನೆತ್ತಿಯಿಂದ ಕೆಳಗೆ ತರಹೇಳಿದರು. ಚೌರಪ್ಪನ ದಾರಿ ಎಲ್ಲಿ ನಿಂತಿತ್ತೋ ಅಲ್ಲೇ ಒಂದು ಬಂಡೆಯ ಮೇಲೆ ಬಿಳಿಬಟ್ಟೆ ಹಾಸಿ, “ಈ ವರ್ಷ ಪೂಜೆ ಇಲ್ಲಿ. ಮುಂದಿನ ವರ್ಷ ದಾರಿ ಎಲ್ಲಿಗೆ ಬಂದಿರುತ್ತೋ ಅಲ್ಲಿ” ಎಂದರು. ತೋಪಿನವರನ್ನು ಮಂಕರಿ ಬುಟ್ಟಿಯಲ್ಲಿ, ಚಕ್ರದ ಹಲಗೆಗಳಲ್ಲಿ, ಕಂಬಳಿಯಲ್ಲಿ ಅಲ್ಲಿಯವರೆಗೆ ಹೊತ್ತೂ ಎಳೆದೂ ತಂದರು. ಮದಲೇನಮ್ಮ ಪೂಜೆಯ ಪವಿತ್ರ ರೊಟ್ಟಿಯಾದ ಒಸ್ತಿಯನ್ನು ಸ್ವೀಕರಿಸುವಾಗ ಅತ್ತಳು ಎನ್ನುತ್ತಾರೆ.

ಆಮೇಲೆ ಊರಿಗೆ ಚಡಪಡಿಕೆ ಶುರುವಾಯಿತು. ಹಬ್ಬದ ಪೂಜೆ ನೆತ್ತಿಯ ಮೇಲೆ ಆಗಬೇಕಾದರೆ ದಾರಿ ಮುಗಿಯಲೇಬೇಕು! ಮೊದಲು ಹೆಂಗಸರು ಬುಟ್ಟಿ ಹಿಡಿದು ಬಂದರು. ಎರಡನೆಯ ವರ್ಷ ಜ್ಞಾನಪ್ಪನೇ ತಲೆಗೆ ಸಿಂಬಿ ಸುತ್ತಿಕೊಂಡು ಮಣ್ಣು ಹೊತ್ತು ಬಂದು, ಚೌರಪ್ಪನ ಪಕ್ಕದಲ್ಲಿ ಸುರಿದು, “ಅವತ್ತಿನ ಮಾತು ಮನಸ್ಸಲ್ಲಿಟ್ಕೋಬೇಡ” ಎಂದ. “ಇಟ್ಕೊಂಡಿದ್ರೆ ನಿನ್ನ ಬುಟ್ಟೀನೂ ಒಡೀತಿದ್ದೆ” ಎಂದು ಚೌರಪ್ಪ ನಕ್ಕನಂತೆ. ಪೂಜೆ ವರ್ಷ ವರ್ಷ ಮೇಲೇರಿತು. ಐದನೆಯ ಹಬ್ಬಕ್ಕೆ ದಾರಿ ಗುಡಿಯ ಬಾಗಿಲು ಮುಟ್ಟಿತು.

ಅಂದು ಮೊದಲು ಒಳಗೆ ಹೋದವಳು ಮದಲೇನಮ್ಮ. ಅವಳು ಬಹಳ ಹೊತ್ತು ಮಾತೆಯನ್ನೇ ನೋಡಿದಳು. ಮೊಳದುದ್ದದ ಮರದ ವಿಗ್ರಹ. ಬಣ್ಣ ಅಲ್ಲಲ್ಲಿ ಎದ್ದಿತ್ತು. “ಇಷ್ಟು ಚಿಕ್ಕೋಳಾ ನಮ್ಮವ್ವ! ನಾನು ಏನೇನೋ ಅಂದ್ಕಂಡಿದ್ದೆ” ಎಂದು ನಕ್ಕುಬಿಟ್ಟಳು. ಅವಳ ಕೀಲುಗಳು ಸಡಿಲಗೊಂಡವೇ, ಚೌರಪ್ಪನ ಕಾಲು ಬಂದವೇ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದಾಗ ಅಜ್ಜಿ ಇಲ್ಲವೆಂದು ತಲೆಯಾಡಿಸಿದ್ದರು. ಆದರೆ ಅಂದಿನಿಂದ ತೋಪಿನಲ್ಲಿ ಯಾರನ್ನೂ ಬಿಟ್ಟು ಹೋಗಿಲ್ಲ. ಅಮ್ಮನಿಗೂ ಬೆಟ್ಟಕ್ಕೂ ಈಗಿನ ಹೆಸರು ಬಂದದ್ದು ಆ ವರ್ಷದಲ್ಲೇ ಎನ್ನುತ್ತಾರೆ.

ಇಂದು ಹೋದವರಿಗೆ ದಾರಿಯ ಬದಿಯಲ್ಲಿ ಉಳಿಯ ಗುರುತುಗಳು ಸಾಲಾಗಿ ಕಾಣುತ್ತವೆ. ಗುಡಿಯ ಎಡಗಡೆಗೆ ನೆರಳು ಬೀಳುವ ಜಾಗದಲ್ಲಿ ಒಂದು ಉದ್ದನೆಯ ನುಣುಪುಕಲ್ಲನ್ನು ಗೋಡೆಗೆ ಒತ್ತಿ ಹಾಕಿದೆ. ಕಡೆಯ ಮೆಟ್ಟಿಲನ್ನು ಮಾತ್ರ ಚೌರಪ್ಪ ಒಡೆಯದೆ ಬಂಡೆಯಿಂದ ಇಡಿಯಾಗಿ ಸೀಳಿ ಎಬ್ಬಿಸಿ ಅಲ್ಲಿ ಇಡಿಸಿದನಂತೆ. ಇದೇಕೆ ಎಂದವರಿಗೆ ಅವನು, “ನಮ್ಮಂಥೋರನ್ನ ನೂಕ್ಕೊಂಡು ಬಂದೋರು ಕೂರಬೇಡ್ವೇ?” ಎಂದಿದ್ದನಂತೆ. ಹಬ್ಬದ ದಿನ ಆ ಕಲ್ಲಿನ ಮೇಲೆ ಬೆವರೊರೆಸಿಕೊಳ್ಳುತ್ತ ಯಾರಾದರೊಬ್ಬರು ಕುಳಿತೇ ಇರುತ್ತಾರೆ.